ಯಾರ ತಾಲೂಕು?



ಜಹೀರಾಬಾದಿನ ಮದುವೆಯ ಮನೆಯೊಂದರಲ್ಲಿ ನಡೆದ ಸಣ್ಣ ಪ್ರಸಂಗವನ್ನು ತಾಯಿಯೊಬ್ಬರು ಈಚೆಗೆ ನನಗೆ ಹೇಳಿದರು. ಅವರ ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ಊಟದ ಪಂಕ್ತಿಯಲ್ಲಿ ಅವಳ ಪಕ್ಕದಲ್ಲಿ ಗುಂಟೂರಿನ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಕುಳಿತಿದ್ದರು. ಅವರು ವಾತ್ಸಲ್ಯದಿಂದ, ‘ನುವ್ವು ಎವರಿ ತಾಲೂಕು, ಅಮ್ಮಾ?’ ಎಂದು ತೆಲುಗಿನಲ್ಲಿ ಕೇಳಿದರು. ಹುಡುಗಿ ತಡವರಿಸದೆ, ‘ಜಹೀರಾಬಾದ್ ತಾಲೂಕು’ ಎಂದಳು. ಪಂಕ್ತಿಯೆಲ್ಲ ನಕ್ಕಿತು. ಹಿರಿಯರು ಕೇಳಿದ್ದು ಅವಳ ಊರನ್ನಲ್ಲ. ನೀನು ಯಾರ ಕಡೆಯವಳು, ಹೆಣ್ಣಿನ ಕಡೆಯೋ ಗಂಡಿನ ಕಡೆಯೋ ಎಂದು ಕೇಳಿದ್ದರು. ತೆಲುಗಿನಲ್ಲಿ ‘ತಾಲೂಕು’ ಎಂದರೆ ‘ಸಂಬಂಧಪಟ್ಟವರು’ ಎಂಬ ಅರ್ಥವೂ ಉಂಟು.

ನಗೆಯಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಹುಡುಗಿ ಮನೆಗೆ ಬಂದು ಅತ್ತಳು. ತನಗೆ ತೆಲುಗೂ ಸರಿಯಾಗಿ ಬಾರದು, ತನ್ನ ಕನ್ನಡವೂ ಎಲ್ಲಿಯೂ ಸಲ್ಲದು ಎಂದು ಅವಳಿಗೆ ಅನಿಸಿತ್ತು. ತಾಯಿ ನನ್ನೊಡನೆ ಮಾತು ಮುಗಿಸುವಾಗ, ‘ಕನ್ನಡ ಓದಿಸಿ ಹುಡ್ಗೀನ ನಡುಬರಕ ತೂಗಹಾಕೀವೇನೋ ಅನಸ್ತದರೀ ಸರ್’ ಎಂದರು. ಬರುವ ವರ್ಷ ಮಗಳ ಮಾಧ್ಯಮವನ್ನು ಬದಲಿಸುವ ಯೋಚನೆ ಆ ಮನೆಯಲ್ಲಿ ನಡೆದಿದೆ.

ಅವರ ಮಾತಿನಲ್ಲಿದ್ದ ‘ತೂಗಹಾಕುವುದು’ ಎಂಬ ಕ್ರಿಯಾಪದ ನನ್ನ ಮನಸ್ಸಿನಲ್ಲಿ ನಿಂತಿತು. ಏಕೆಂದರೆ ಅವರ ಮಗಳನ್ನು ಅಳಿಸಿದ ‘ತಾಲೂಕು’ ಎಂಬ ಪದ ಹುಟ್ಟಿದ್ದೇ ‘ತೂಗಹಾಕು’ ಎಂಬ ಅರ್ಥದ ಬೇರಿನಿಂದ. ಆ ತಾಯಿಗೆ ಆಗ ಕೊಡಲಾಗದ ಉತ್ತರವನ್ನು ಈ ವಾರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದಗಳು ಹುಟ್ಟುವ ಬಗೆಯನ್ನು ನೋಡೋಣ. ಕನ್ನಡದ ಪದ ಬಾಲದ ಕಡೆಗೆ ಬೆಳೆಯುತ್ತದೆ. ‘ಕಲಿ’ ಎಂಬ ಧಾತುವಿನ ಹಿಂದೆ ಒಂದೊಂದೇ ಪ್ರತ್ಯಯ ಸೇರಿ ಕಲಿಕೆ, ಕಲಿಸು, ಕಲಿಸುವಿಕೆ ಎಂದಾಗುತ್ತದೆ. ಧಾತು ಮುಂದೆ ಅಲುಗದೆ ನಿಂತಿರುತ್ತದೆ. ಸಂಸ್ಕೃತದಲ್ಲಿ ಧಾತುವಿನ ಮುಂದೆ ಉಪಸರ್ಗಗಳೂ ಸೇರುತ್ತವೆ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಇವೆಲ್ಲ ಒಂದೇ ‘ಹೃ’ ಧಾತುವಿನ ಮಕ್ಕಳೆಂದು ನೀವು ಓದಿದ್ದೀರಿ. ಅರಬ್ಬಿಯ ದಾರಿ ಬೇರೆ. ಅಲ್ಲಿ ಧಾತು ಎಂದರೆ ಸಾಮಾನ್ಯವಾಗಿ ಮೂರು ವ್ಯಂಜನಗಳ ಒಂದು ಹಂದರ. ಹಂದರ ಹಾಗೆಯೇ ಉಳಿಯುತ್ತದೆ. ಅದರ ನಡುವೆ ಸ್ವರಗಳು ಬದಲಾಗುತ್ತವೆ, ವ್ಯಂಜನ ಇಮ್ಮಡಿಸುತ್ತದೆ, ಮುಂದೆ ‘ಮ’ ಅಥವಾ ‘ತ’ ಬಂದು ಸೇರುತ್ತದೆ. ‘ಕ-ತ-ಬ’ ಎಂಬ ಮೂರು ಅಕ್ಷರಗಳಿಗೆ ಬರವಣಿಗೆಯ ಅರ್ಥ. ಕಿತಾಬ್ ಎಂದರೆ ಪುಸ್ತಕ, ಕಾತಿಬ್ ಎಂದರೆ ಬರೆಯುವವನು, ಮಕ್ತಬ್ ಎಂದರೆ ಬರೆಯಲು ಕಲಿಸುವ ಜಾಗ. ನಿಮ್ಮ ಓಣಿಯಲ್ಲಿ ಉರ್ದು ಮಾತನಾಡುವ ಮನೆಗಳಿದ್ದರೆ ಈ ಪದಗಳು ನಿಮ್ಮ ಕಿವಿಗೆ ಹೊಸವಲ್ಲ.

ಈಗ ನಮ್ಮ ಪದದ ಧಾತುವಿಗೆ ಬರೋಣ. ಅದರ ಮೂರು ಅಕ್ಷರಗಳು ಐನ್, ಲಾಮ್, ಕಾಫ್. ಐನ್ ಎಂಬುದು ಗಂಟಲನ್ನು ಬಿಗಿದು ಹೊರಡಿಸುವ ಧ್ವನಿ. ನಮ್ಮಲ್ಲಿ ಅದಕ್ಕೆ ಅಕ್ಷರವಿಲ್ಲವಾದ್ದರಿಂದ ‘ಅ’ ಎಂದೇ ಬರೆಯುತ್ತೇವೆ. ಇಲ್ಲಿಯ ಕಾಫ್ ಕೂಡ ಸಾಮಾನ್ಯ ಕಕಾರವಲ್ಲ, ಕಿರುನಾಲಗೆಯ ಬಳಿಯಿಂದ ಹೊರಡುವ ಆಳದ ಕಕಾರ. ಒಟ್ಟಿನಲ್ಲಿ ‘ಅ-ಲ-ಕ’ ಎಂದಿಟ್ಟುಕೊಳ್ಳಿ. ಇದರ ಮೂಲ ಅರ್ಥ ಅಂಟಿಕೊಳ್ಳುವುದು, ತಗಲಿಕೊಂಡು ತೂಗುವುದು.

‘ಅಲಿಕ’ ಎಂದರೆ ಅಂಟಿಕೊಂಡಿತು. ನಡುವಿನ ಲಕಾರ ಇಮ್ಮಡಿಸಿ ‘ಅಲ್ಲಕ’ ಆದರೆ ತೂಗಹಾಕಿದನು. ಮುಂದೆ ‘ತ’ ಸೇರಿ ‘ತಅಲ್ಲಕ’ ಆದರೆ ತಾನಾಗಿಯೇ ಹೋಗಿ ಅಂಟಿಕೊಂಡಿತು, ಸಂಬಂಧ ಹೊಂದಿತು. ಈ ಮೂರನೆಯ ರೂಪದ ಭಾವನಾಮವೇ ‘ತಅಲ್ಲುಕ್’, ಎಂದರೆ ಸಂಬಂಧ.

ಇದೇ ಹಂದರದಿಂದ ಪದಗಳು ಎಷ್ಟು ದೂರ ಹರಡಿವೆ ನೋಡಿ. ತೂಗಹಾಕುವ ಕೊಕ್ಕೆ ‘ಮಿಅಲಾಕ್’. ಹಳ್ಳದ ನೀರಿನಲ್ಲಿ ಕಾಲಿಗೆ ಹತ್ತುವ ಜಿಗಣೆ ‘ಅಲಕ್’. ಹೆಪ್ಪುಗಟ್ಟಿ ಅಂಟಂಟಾದ ರಕ್ತಕ್ಕೂ ಅದೇ ಹೆಸರು. ಕುರ್‌ಆನಿನ 96ನೆಯ ಅಧ್ಯಾಯದ ಹೆಸರು ‘ಅಲಕ್’. ಗರ್ಭದಲ್ಲಿ ಮನುಷ್ಯನ ಮೊದಲ ಅವಸ್ಥೆಯನ್ನು ಅಲ್ಲಿ ಆ ಪದ ಸೂಚಿಸುತ್ತದೆ. ಅನುವಾದಕರಲ್ಲಿ ಕೆಲವರು ಅದನ್ನು ‘ಹೆಪ್ಪುಗಟ್ಟಿದ ರಕ್ತ’ ಎಂದರೆ, ಕೆಲವರು ‘ಅಂಟಿಕೊಂಡಿರುವುದು’ ಎಂದು ಬರೆದಿದ್ದಾರೆ. ದಾರಿಹೋಕರ ಬಟ್ಟೆಗೆ ಹತ್ತಿಕೊಳ್ಳುವ ಮುಳ್ಳಿನ ಪೊದೆ ‘ಉಲ್ಲೈಕ್’. ದನ ಕುದುರೆಗಳಿಗೆ ಹಾಕುವ ಮೇವು ‘ಅಲೀಕ್’. ಪ್ರಾಣಿಯ ಮೋರೆಗೆ ಚೀಲ ಕಟ್ಟಿ ಜವೆಗೋಧಿ ತಿನ್ನಿಸುವ ಪದ್ಧತಿಯನ್ನು ನೆನೆದರೆ ಇಲ್ಲಿ ತೂಗುವುದು ಯಾವುದೆಂದು ತಿಳಿಯುತ್ತದೆ. ಮನಸ್ಸು ಒಬ್ಬರಲ್ಲಿ ನೆಟ್ಟು ಬಿಡದಿರುವುದು ‘ಅಲಾಕ’. ಪ್ರೀತಿಯ ಮೆಟ್ಟಿಲುಗಳನ್ನು ಎಣಿಸಿದ ಹಳೆಯ ಅರಬ್ಬಿ ನಿಘಂಟುಕಾರರು ಇದನ್ನು ಮೊದಮೊದಲ ಮೆಟ್ಟಿಲುಗಳಲ್ಲಿಟ್ಟಿದ್ದಾರೆ. ಇಂದಿನ ಅರಬ್ಬಿಯಲ್ಲಿ ದೇಶ ದೇಶಗಳ ನಡುವಣ ಸಂಬಂಧಕ್ಕೂ ಅದೇ ಪದ.

ಬರವಣಿಗೆಯ ಲೋಕಕ್ಕೂ ಈ ಧಾತು ಬಂದಿದೆ. ಇಸ್ಲಾಮಿಗೆ ಮುಂಚಿನ ಅರಬ್ಬಿ ಕಾವ್ಯದಲ್ಲಿ ಅತ್ಯಂತ ಪ್ರಸಿದ್ಧವಾದ ಏಳು ದೀರ್ಘ ಕವಿತೆಗಳನ್ನು ‘ಮುಅಲ್ಲಕಾತ್’ ಎನ್ನುತ್ತಾರೆ. ತೂಗಹಾಕಿದವು ಎಂದು ಅದರ ಅರ್ಥ. ಇಮ್ರುಲ್ ಕೈಸ್, ತರಫ, ಲಬೀದ್ ಮೊದಲಾದವರು ಅದರ ಕವಿಗಳು. ಅವನ್ನು ಬಂಗಾರದ ಅಕ್ಷರಗಳಲ್ಲಿ ಬರೆದು ಮಕ್ಕಾದ ಕಾಬಾಕ್ಕೆ ತೂಗಹಾಕಿದ್ದರೆಂದು ಒಂದು ಕತೆಯುಂಟು. ಆಧುನಿಕ ವಿದ್ವಾಂಸರು ಬಹುಮಟ್ಟಿಗೆ ಅದನ್ನು ಕತೆಯೆಂದೇ ಎಣಿಸುತ್ತಾರೆ, ಹೆಸರಿಗೆ ಬೇರೆ ವಿವರಣೆಗಳನ್ನು ಕೊಡುತ್ತಾರೆ. ಇನ್ನೊಬ್ಬರ ಗ್ರಂಥದ ಅಂಚಿಗೆ ಬರೆದು ಸೇರಿಸಿದ ಟಿಪ್ಪಣಿ ‘ತಅಲೀಕ್’, ಟಿಪ್ಪಣಿಕಾರ ‘ಮುಅಲ್ಲಿಕ್’. ತೂಗುವಂತೆ ಇಳಿಜಾರಾಗಿ ಬರೆಯುವ ಒಂದು ಲಿಪಿಶೈಲಿಗೂ ‘ತಅಲೀಕ್’ ಎಂಬ ಹೆಸರಿತ್ತು. ‘ನಸ್ಖ್’ ಎಂಬ ಶೈಲಿಯೊಡನೆ ಅದು ಬೆರೆತು ಇರಾನಿನಲ್ಲಿ ‘ನಸ್ತಲೀಕ್’ ಹುಟ್ಟಿತು. ಜಹೀರಾಬಾದಿನ ಪೇಟೆಯಲ್ಲಿ ಉರ್ದು ಫಲಕಗಳನ್ನು ನೋಡುವಾಗ ಅಕ್ಷರಗಳು ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ ಜಾರಿದಂತೆ ಕಾಣುತ್ತವೆಯಲ್ಲವೆ? ಅದೇ ನಸ್ತಲೀಕ್. ನಮ್ಮ ಅಂಗಡಿಯ ಫಲಕದ ಮೇಲೂ ಈ ಧಾತು ಕುಳಿತಿದೆ.

ಜಿಗಣೆಗೂ ಕವಿತೆಗೂ ಏನು ನಂಟು ಎಂದು ಮಕ್ಕಳು ಕೇಳಬಹುದು. ಕನ್ನಡದ ‘ತಗಲು’ ಎಂಬ ಪದವನ್ನು ತೆಗೆದುಕೊಳ್ಳಿ. ಅಂಗಿಯನ್ನು ಗೂಟಕ್ಕೆ ತಗಲಿಹಾಕುತ್ತೇವೆ. ಜಾಲಿಯ ಮುಳ್ಳು ಸೀರೆಗೆ ತಗಲಿಕೊಳ್ಳುತ್ತದೆ. ಒಬ್ಬರ ನೆಗಡಿ ಇನ್ನೊಬ್ಬರಿಗೆ ತಗಲುತ್ತದೆ. ಮನೆ ಕಟ್ಟಲು ಇಷ್ಟು ಖರ್ಚು ತಗಲಿತು ಎನ್ನುತ್ತೇವೆ. ಕಳ್ಳ ಪೊಲೀಸರ ಕೈಗೆ ತಗಲಿದ ಎನ್ನುತ್ತೇವೆ. ಗೂಟ, ಮುಳ್ಳು, ರೋಗ, ಹಣ, ಕಳ್ಳ ಇವುಗಳನ್ನೆಲ್ಲ ಒಂದೇ ಕ್ರಿಯಾಪದ ಹಿಡಿದಿರುವುದು ನಮಗೆ ವಿಚಿತ್ರವೆನಿಸುವುದಿಲ್ಲ, ಹುಟ್ಟಿನಿಂದ ಕೇಳಿದ್ದೇವೆ. ಅರಬ್ಬಿಯ ಮಗುವಿಗೆ ‘ಅ-ಲ-ಕ’ ಹಾಗೆಯೇ. ಇಷ್ಟು ದೂರದ ಎರಡು ಭಾಷೆಗಳು ಒಂದೇ ಅನುಭವದಿಂದ ಹೊರಟು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆದಿವೆ.

ಈ ಪದ ನಮ್ಮ ಕಡೆಗೆ ಬಂದದ್ದು ಹೇಗೆ? ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ಆಡಳಿತದ ಜೊತೆ ದಖ್ಖನಿಗೆ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು, ಕಲಬುರಗಿ ಅದರ ರಾಜಧಾನಿಯಾಯಿತು. ಮುಂದಿನ ಶತಮಾನದಲ್ಲಿ ಅದರ ರಾಜಧಾನಿ ಬೀದರಿಗೆ ಬಂದಿತು. ಜಹೀರಾಬಾದ್, ನಾರಾಯಣಖೇಡಗಳಿಂದ ಬೀದರ್ ಕೋಟೆ ಎಷ್ಟು ಹತ್ತಿರವೆಂದು ನಿಮಗೆ ಗೊತ್ತು. ಬಹಮನಿಗಳ ನಂತರ ಬರೀದ್ ಶಾಹಿ, ಆದಿಲ್ ಶಾಹಿ, ಕುತುಬ್ ಶಾಹಿ, ಮೊಗಲರು, ನಿಜಾಮರು. ಈ ಎಲ್ಲ ಕಾಲದಲ್ಲಿ ಲೆಕ್ಕ, ಸನದು, ಕಂದಾಯಗಳ ದಫ್ತರಗಳಲ್ಲಿ ಪಾರಸಿಯ ಪದಗಳು ನಡೆದವು. ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಾಗಲೂ ಆಡಳಿತದ ಪದಗಳು ಬದಲಾಗಲಿಲ್ಲ.

ಪಾರಸಿ ಮತ್ತು ಉರ್ದುವಿನಲ್ಲಿ ‘ತಅಲ್ಲುಕಾ’ ಎಂದರೆ ಒಬ್ಬರಿಗೆ ಸೇರಿದ್ದು, ಒಂದು ಅಧಿಕಾರಕ್ಕೆ ಅಂಟಿಕೊಂಡ ಭೂಮಿ. ಅದೇ ನಮ್ಮ ತಾಲ್ಲೂಕು. ಆ ಭೂಮಿ ಯಾರಿಗೆ ಅಂಟಿಕೊಂಡಿದೆ ಎಂಬುದರ ಮೇಲೆ ಪದದ ಅರ್ಥ ಬದಲಾಯಿತು. ಉತ್ತರದ ಅವಧ್ ಪ್ರಾಂತದಲ್ಲಿ ‘ತಾಲೂಕುದಾರ’ ಎಂದರೆ ದೊಡ್ಡ ಜಮೀನಿನ ಒಡೆಯ. ಹೈದರಾಬಾದ್ ಸಂಸ್ಥಾನದಲ್ಲಿ ‘ಅವ್ವಲ್ ತಾಲೂಕುದಾರ’ ಎಂದರೆ ಒಡೆಯನಲ್ಲ, ಸರ್ಕಾರದ ಸಂಬಳ ಪಡೆದು ಇಡೀ ಜಿಲ್ಲೆಯನ್ನು ನೋಡಿಕೊಳ್ಳುವ ಅಧಿಕಾರಿ, ಈಗಿನ ಕಲೆಕ್ಟರರ ಸ್ಥಾನದವನು. ತಾಲ್ಲೂಕಿನ ಮುಖ್ಯಸ್ಥ ತಹಶೀಲ್ದಾರ. ನಿಮ್ಮ ಮನೆಯ ಹಿರಿಯರ ಬಳಿ ಹಳೆಯ ಉರ್ದು ಕಾಗದಪತ್ರಗಳಿದ್ದರೆ ಈ ಎರಡು ಹುದ್ದೆಗಳ ಹೆಸರು ಅವುಗಳಲ್ಲಿ ಸಿಗಬಹುದು. ಓದಲು ಬಾರದೆಂದು ಅವನ್ನು ರದ್ದಿಗೆ ಹಾಕಬೇಡಿ.

ಅದೇ ಧಾತುವಿನ ಇನ್ನೊಂದು ಮಗು ‘ಇಲಾಖೆ’. ಅರಬ್ಬಿಯಲ್ಲಿ ಸಂಬಂಧವೆಂಬ ಅರ್ಥದ ಪದ ಉರ್ದು, ಹಿಂದಿಗಳಲ್ಲಿ ‘ಇಲಾಕಾ’ ಆಗಿ ಪ್ರದೇಶವೆಂಬ ಅರ್ಥ ಪಡೆಯಿತು. ಮರಾಠಿಯಲ್ಲಿ ಅದು ‘ಇಲಾಖಾ’. ಬ್ರಿಟಿಷರ ಕಾಲದ ಮುಂಬಯಿ ಪ್ರಾಂತವನ್ನು ಮರಾಠಿಗರು ‘ಮುಂಬಯಿ ಇಲಾಖಾ’ ಎನ್ನುತ್ತಿದ್ದರು. ತೆಲುಗಿನಲ್ಲಿ ‘ಇಲಾಕಾ’ ಎಂದರೆ ಒಬ್ಬರ ಹಿಡಿತದ ಪ್ರದೇಶ. ಕನ್ನಡದಲ್ಲಿ ಮಾತ್ರ ಅದು ಸರ್ಕಾರದ ಒಂದು ವಿಭಾಗ: ಶಿಕ್ಷಣ ಇಲಾಖೆ, ಅರಣ್ಯ ಇಲಾಖೆ, ಅಂಚೆ ಇಲಾಖೆ. ಇದನ್ನೇ ತೆಲುಗಿನಲ್ಲಿ ‘ಶಾಖ’ ಎನ್ನುತ್ತಾರೆ. ಆದ್ದರಿಂದ ಕನ್ನಡ ಪಠ್ಯದಲ್ಲಿ ‘ಶಿಕ್ಷಣ ಇಲಾಖೆ’ ಎಂದು ಓದುವ ನಮ್ಮ ಮಗು, ತೆಲುಗು ಆದೇಶದಲ್ಲಿ ‘ವಿದ್ಯಾಶಾಖ’ ಎಂದು ನೋಡಿದಾಗ ಎರಡೂ ಒಂದೇ ಎಂದು ತಿಳಿಯಬೇಕು. ಉರ್ದು ಪತ್ರಿಕೆಯಲ್ಲಿ ‘ಇಲಾಕಾ’ ಎಂದು ಕಂಡಾಗ ಅದು ಕಚೇರಿಯಲ್ಲ, ಪ್ರದೇಶ ಎಂದು ತಿಳಿಯಬೇಕು.

‘ಇಲಾಖೆ’ಯಲ್ಲಿರುವ ಮಹಾಪ್ರಾಣವನ್ನೂ ಗಮನಿಸಿ. ಮೂಲದಲ್ಲಿದ್ದುದು ಆಳದ ಕಕಾರ. ಹೈದರಾಬಾದ್, ಬೀದರ್, ಕಲಬುರಗಿಗಳ ದಖ್ಖನಿ ಉರ್ದುವಿನಲ್ಲಿ ಅದು ಸಾಮಾನ್ಯವಾಗಿ ಖಕಾರದಂತೆ ಕೇಳುತ್ತದೆ; ‘ಕಲಮ್’ ಎಂಬುದನ್ನು ‘ಖಲಮ್’ ಎನ್ನುವುದನ್ನು ನೀವು ದಿನವೂ ಕೇಳುತ್ತೀರಿ. ಅಂಥ ಖಕಾರವೇ ಕನ್ನಡದ ಇಲಾಖೆ, ಖಾಯಂ, ಖೈದಿ ಎಂಬ ಪದಗಳಲ್ಲಿಯೂ ಇದೆ. ಉತ್ತರದವರು ದಖ್ಖನಿಯ ಈ ಉಚ್ಚಾರಣೆಯನ್ನು ನೋಡಿ ನಗುವುದುಂಟು. ಬೆಂಗಳೂರಿನ ವಿಧಾನಸೌಧದಲ್ಲಿಯೂ ಅದೇ ಖಕಾರದಿಂದ ಇಲಾಖೆ ಎಂದು ಬರೆಯುತ್ತಾರೆ ಎಂಬುದನ್ನು ಅಂಥವರಿಗೆ ನೆನಪಿಸಬಹುದು.

ಈಗ ಮದುವೆಯ ಪಂಕ್ತಿಗೆ ಹಿಂದಿರುಗೋಣ. ಅದೇ ಪಂಕ್ತಿಯಲ್ಲಿ ಉರ್ದು ಬಲ್ಲವರೊಬ್ಬರಿದ್ದರೆ ‘ತಅಲ್ಲುಕ್’ ಎಂದರೆ ಸಂಬಂಧ ಎನ್ನುತ್ತಿದ್ದರು. ‘ನನಗೂ ಅವರಿಗೂ ತಅಲ್ಲುಕ್ ಇಲ್ಲ’ ಎನ್ನುವುದು ಅವರ ದಿನದ ಮಾತು. ಗುಂಟೂರಿನ ಹಿರಿಯರಿಗೆ ‘ತಾಲೂಕು’ ಎಂದರೆ ಕಡೆಯವರು, ಸೇರಿದವರು. ಗಡಿಯಾಚೆ ಚಿಂಚೋಳಿಯಿಂದ ಬಂದ ನೆಂಟರಿಗೆ ತಾಲ್ಲೂಕು ಎಂದರೆ ತಹಶೀಲ್ದಾರರ ಕಚೇರಿಯಿರುವ ಆಡಳಿತ ಘಟಕ. ಒಬ್ಬೊಬ್ಬರ ಕೈಯಲ್ಲಿಯೂ ಪದದ ಒಂದೊಂದು ತುಂಡಿತ್ತು. ಮೂಲದ ಅರ್ಥಕ್ಕೆ ಅತಿ ಸಮೀಪದಲ್ಲಿದ್ದವರು ಉರ್ದುವಿನವರು ಮತ್ತು ತೆಲುಗಿನ ಆ ಹಿರಿಯರು. ದೂರ ಸಾಗಿ ಬಂದಿದ್ದವರು ನಾವು. ಹುಡುಗಿಯ ಉತ್ತರ ಕನ್ನಡದ ಪ್ರಕಾರ ಸರಿಯಾಗಿಯೇ ಇತ್ತು, ಪ್ರಶ್ನೆ ಬೇರೆ ಭಾಷೆಯದಾಗಿತ್ತು. ಮೂರು ತುಂಡುಗಳನ್ನೂ ಕೂಡಿಸಿ ನೋಡುವ ಅವಕಾಶ ಆ ಪಂಕ್ತಿಯಲ್ಲಿ ಯಾರಿಗಾದರೂ ಇದ್ದಿದ್ದರೆ ಅದು ಅವಳಿಗೇ ಇತ್ತು. ಏಕೆಂದರೆ ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು ಮೂರೂ ಅವಳ ಕಿವಿಗೆ ಬೀಳುತ್ತವೆ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಅವಳ ಉತ್ತರದಲ್ಲಿ ಇನ್ನೊಂದು ವಿಶೇಷವಿತ್ತು. ‘ಜಹೀರಾಬಾದ್ ತಾಲೂಕು’ ಎಂಬುದು ಈಗ ಸರ್ಕಾರದ ದಾಖಲೆಯಲ್ಲಿಲ್ಲ. ಅದನ್ನು ಅವಳು ಅಜ್ಜಿಯ ಬಾಯಿಂದ ಕಲಿತಿದ್ದಳು. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಮತ್ತು ಕೊಡಂಗಲ್ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಪುನರ್ವಿಂಗಡಣೆಯ ಕಾಯಿದೆ ಇವನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ಕಾಯಿದೆಯ ಮಾತು ಬಹಳ ನಿಖರ: ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಮತ್ತು ನಾರಾಯಣಖೇಡ ತಾಲ್ಲೂಕು ಮೆದಕ್ ಜಿಲ್ಲೆಗೆ, ತಾಂಡೂರು ಹೈದರಾಬಾದ್ ಜಿಲ್ಲೆಗೆ, ಕೊಡಂಗಲ್ ಮಹಬೂಬನಗರಕ್ಕೆ. ಒಂದು ತಾಲ್ಲೂಕಿನ ಒಂದು ಸರ್ಕಲ್ ಆಚೆ ಉಳಿಯಿತು, ಇನ್ನೊಂದು ತಾಲ್ಲೂಕಿನ ಒಂದು ಸರ್ಕಲ್ ಈಚೆ ಬಂದಿತು. ನಿರ್ಣಾದಲ್ಲಿ ಅಕ್ಕ, ನ್ಯಾಲಕಲ್ಲಿನಲ್ಲಿ ತಂಗಿ ಇರುವ ಮನೆಗಳಿಗೆ ಆ ಒಂದು ವಾಕ್ಯದ ತೂಕ ಗೊತ್ತು.

ಮುಂದೆ 1978ರಲ್ಲಿ ರಂಗಾರೆಡ್ಡಿ ಜಿಲ್ಲೆಯಾದಾಗ ತಾಂಡೂರು ಅದಕ್ಕೆ ಸೇರಿತು. 1985ರಲ್ಲಿ ಆಂಧ್ರಪ್ರದೇಶ ತಾಲ್ಲೂಕುಗಳನ್ನು ತೆಗೆದು ಮಂಡಲಗಳನ್ನು ಮಾಡಿತು. ತಾಲ್ಲೂಕೆಂಬ ಪದ ಕಚೇರಿಯ ಫಲಕದಿಂದ ಇಳಿಯಿತು. 2014ರಲ್ಲಿ ತೆಲಂಗಾಣ ರಾಜ್ಯ ಬಂದಿತು. 2016ರ ಅಕ್ಟೋಬರಿನಲ್ಲಿ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು, ಕೊಡಂಗಲ್‌ಗಳು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ಹೀಗೆ ತಾಂಡೂರು ಅರುವತ್ತು ವರ್ಷಗಳಲ್ಲಿ ಕಲಬುರಗಿ, ಹೈದರಾಬಾದ್, ರಂಗಾರೆಡ್ಡಿ, ವಿಕಾರಾಬಾದ್ ಎಂಬ ನಾಲ್ಕು ಜಿಲ್ಲೆಗಳನ್ನು ಕಂಡಿತು. ಊರು ಕದಲಲಿಲ್ಲ, ಅದರ ತಅಲ್ಲುಕ್ ಬದಲಾಯಿತು. ಫಲಕದಿಂದ ಇಳಿದ ಪದ ಮಾತ್ರ ತೆಲುಗಿನವರ ಮದುವೆಮನೆಯಲ್ಲಿ ತನ್ನ ಹಳೆಯ ಅರ್ಥದಲ್ಲಿ ಉಳಿದುಕೊಂಡಿದೆ, ನಮ್ಮ ಅಜ್ಜಿಯರ ಬಾಯಲ್ಲಿ ಊರಿನ ಹೆಸರಿನೊಡನೆ ಉಳಿದುಕೊಂಡಿದೆ.

ಇನ್ನು ‘ನಡುಬರಕ ತೂಗಹಾಕೀವೇನೋ’ ಎಂಬ ಆ ತಾಯಿಯ ಮಾತು. ಇದಕ್ಕೂ ಅರಬ್ಬಿಯಲ್ಲಿ ಇದೇ ಧಾತುವಿನ ಪದವಿದೆ: ‘ಮುಅಲ್ಲಕ’. ಗಂಡ ಜೊತೆಯಲ್ಲಿಟ್ಟುಕೊಂಡು ಬಾಳಿಸದೆ, ಬಿಡುಗಡೆಯನ್ನೂ ಕೊಡದೆ ನಡುವೆ ಬಿಟ್ಟ ಹೆಂಡತಿಯನ್ನು ಹಾಗೆನ್ನುತ್ತಾರೆ. ಹಾಗೆ ಬಿಡಬಾರದೆಂದು ಕುರ್‌ಆನ್ ಗಂಡಂದಿರಿಗೆ ವಿಧಿಸುವಾಗ ಬಳಸಿರುವುದು ಈ ಪದವನ್ನೇ. ಎರಡು ರಾಜ್ಯಗಳ ನಡುವೆ ಭಾಷೆಯೊಂದನ್ನು ಓದುವ ಮಕ್ಕಳ ಪಾಲಕರಿಗೆ ಈ ಪದದ ನೋವು ವಿವರಿಸಿ ಹೇಳಬೇಕಾಗಿಲ್ಲ. ಪಠ್ಯಪುಸ್ತಕ ತಡವಾಗಿ ಬಂದಾಗ, ಶಿಕ್ಷಕರ ಜಾಗ ಖಾಲಿ ಉಳಿದಾಗ, ಹತ್ತನೆಯ ತರಗತಿಯ ನಂತರ ಮುಂದೆ ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ ಅವರಿಗೆ ಅನಿಸುವುದು ಇದೇ.

ಆ ತಾಯಿಗೆ ನಾನು ಸುಳ್ಳು ಧೈರ್ಯ ಹೇಳಲಾರೆ. ಒಂದು ಪದದ ಚರಿತ್ರೆ ತಿಳಿದರೆ ಕಾಲೇಜಿನ ಸೀಟು ಸಿಗುವುದಿಲ್ಲ. ಮಾಧ್ಯಮದ ತೀರ್ಮಾನ ಅವರದು. ಮನೆಯಿಂದ ಶಾಲೆ ಎಷ್ಟು ದೂರ, ಅಲ್ಲಿ ಎಷ್ಟು ಶಿಕ್ಷಕರಿದ್ದಾರೆ, ಮಗಳಿಗೆ ಮುಂದೆ ಏನು ಓದುವ ಆಸೆ ಎಂಬುದನ್ನೆಲ್ಲ ನೋಡಿಯೇ ಅವರು ತೀರ್ಮಾನಿಸಬೇಕು. ಆದರೆ ಮದುವೆಯ ಪಂಕ್ತಿಯ ನಗೆ ಆ ತೀರ್ಮಾನಕ್ಕೆ ಕಾರಣವಾಗಬಾರದು ಎಂದು ನಾನು ಕೇಳಿಕೊಳ್ಳುತ್ತೇನೆ. ಅಂದು ಅವಳಲ್ಲಿ ಕೊರತೆಯಾಗಿದ್ದುದು ಕನ್ನಡ ಹೆಚ್ಚಾದುದರಿಂದಲ್ಲ, ತೆಲುಗಿನ ಒಂದು ಅರ್ಥ ತಿಳಿಯದಿದ್ದುದರಿಂದ. ಅದನ್ನು ಕಲಿಸಲು ಕನ್ನಡವನ್ನು ಬಿಡಿಸಬೇಕಾಗಿಲ್ಲ. ತೆಲುಗನ್ನು ಚೆನ್ನಾಗಿ ಕಲಿಸಿ. ಈ ನೆಲದಲ್ಲಿ ಬಾಳುವವರಿಗೆ ಅದು ಬೇಕೇ ಬೇಕು. ಕನ್ನಡ ಗಟ್ಟಿಯಾಗಿ ಬಲ್ಲ ಮಗುವಿಗೆ ಅದನ್ನು ಕಲಿಯುವುದು ಸುಲಭ, ಲಿಪಿಗಳೂ ಅಕ್ಕತಂಗಿಯರಂತಿವೆ.

ಇನ್ನೊಂದು ಮಾತು ಶಾಲೆಯ ವ್ಯಾಕರಣದ ಪಾಠದ ಬಗ್ಗೆ. ಪದಗಳನ್ನು ದೇಶ್ಯ, ಅನ್ಯದೇಶ್ಯ, ತತ್ಸಮ, ತದ್ಭವ ಎಂದು ವಿಂಗಡಿಸಿ ಬರೆಯುವಾಗ ಮಕ್ಕಳು ತಾಲ್ಲೂಕು, ಇಲಾಖೆ, ಹುಕುಂ, ರಸ್ತೆಗಳನ್ನು ಅನ್ಯದೇಶ್ಯದ ಪಟ್ಟಿಗೆ ಹಾಕುತ್ತಾರೆ. ಅದು ಸರಿಯೇ. ಆದರೆ ಅನ್ಯದೇಶ್ಯ ಎಂದರೆ ಎಲ್ಲಿಂದ ಬಂತು ಎಂಬುದರ ಗುರುತು, ಯಾರದು ಎಂಬುದರ ತೀರ್ಪಲ್ಲ. ತಾಲ್ಲೂಕಿನ ಬದಲು ಬಂದ ‘ಮಂಡಲ’ವೂ ಸಂಸ್ಕೃತದಿಂದ ಬಂದುದೇ. ಹೊರಗಿನ ಪದಗಳನ್ನು ಕನ್ನಡದೊಡನೆ ಹೇಗೆ ಬೆರೆಸಬೇಕು, ಎಲ್ಲಿ ಬೆರೆಸಬಾರದು ಎಂದು ನಮ್ಮವರು ಒಂಬತ್ತನೆಯ ಶತಮಾನದಲ್ಲಿಯೇ ಚರ್ಚಿಸಿದ್ದರು. ‘ಕವಿರಾಜಮಾರ್ಗ’ದಲ್ಲಿ ಸಂಸ್ಕೃತ ಮತ್ತು ಕನ್ನಡಗಳ ಬೆರಕೆಯ ಗುಣದೋಷಗಳ ವಿಚಾರವಿದೆ. ಆ ಗ್ರಂಥ ಹುಟ್ಟಿದ ಮಳಖೇಡದ ರಾಷ್ಟ್ರಕೂಟ ಆಸ್ಥಾನ ಕಾಗಿಣಾ ನದಿಯ ದಡದಲ್ಲಿತ್ತು. ಕಾಗಿಣಾ ಎಂದರೆ ಅನಂತಗಿರಿಯ ಗುಡ್ಡಗಳಲ್ಲಿ ಹುಟ್ಟಿ ತಾಂಡೂರಿನ ಪಕ್ಕದಲ್ಲಿ ಹರಿಯುವ ನಮ್ಮ ಹೊಳೆಯೇ. ತಾಂಡೂರಿನ ಮಕ್ಕಳು ಸೇತುವೆ ದಾಟುವಾಗ ನೋಡುವ ನೀರು ಮುಂದೆ ಮಳಖೇಡಕ್ಕೆ ಹೋಗುತ್ತದೆ ಎಂಬುದನ್ನು ಅವರಿಗೆ ತಿಳಿಸಿರಿ.

ಮಕ್ಕಳೆ, ಈ ವಾರದ ಅಭ್ಯಾಸ ಹೀಗಿದೆ. ‘ಹ-ಸ-ಲ’ ಎಂಬ ಇನ್ನೊಂದು ಅರಬ್ಬಿ ಹಂದರವನ್ನು ತೆಗೆದುಕೊಳ್ಳಿ. ದೊರೆಯುವುದು, ಕೈಗೆ ಬರುವುದು ಎಂದು ಅದರ ಅರ್ಥ. ತಹಶೀಲ್ದಾರರ ‘ತಹಶೀಲು’ ಇದರಿಂದಲೇ ಬಂದದ್ದು. ಸಂಗ್ರಹಿಸುವುದು, ವಸೂಲು ಮಾಡುವುದು ಎಂದು ಅದರ ಅರ್ಥ. ಇದೇ ಹಂದರದ ಇನ್ನೆರಡು ಪದಗಳನ್ನಾದರೂ ಹುಡುಕಿ. ಒಂದು ಕಂದಾಯಕ್ಕೆ ಸಂಬಂಧಿಸಿದ ಕನ್ನಡ ಪದ. ನಿಮ್ಮ ಅಜ್ಜನಿಗೆ ಖಂಡಿತ ಗೊತ್ತಿರುತ್ತದೆ. ಇನ್ನೊಂದು ಉರ್ದು ಮಾತನಾಡುವ ಗೆಳೆಯರ ಮನೆಯಲ್ಲಿ ದಿನವೂ ಕೇಳುವ ಪದ. ಹೋಗಿ ಕೇಳಿ ಬರೆದುಕೊಳ್ಳಿ. ಪ್ರತಿ ಪದದ ಎದುರಿಗೆ ಕನ್ನಡ, ತೆಲುಗು, ಉರ್ದು ಮೂರರಲ್ಲಿಯೂ ಅದಕ್ಕಿರುವ ಅರ್ಥವನ್ನು ಬರೆಯಿರಿ. ಯಾವ ಭಾಷೆಯಲ್ಲಾದರೂ ಆ ಪದವಿಲ್ಲದಿದ್ದರೆ ಖಾನೆಯನ್ನು ಖಾಲಿ ಬಿಡಿ. 'ವಸೂಲು' ಎಂಬ ಪದವನ್ನು ಈ ಪಟ್ಟಿಗೆ ಸೇರಿಸಬೇಡಿ. ಕೇಳಲು ಹತ್ತಿರವೆನಿಸಿದರೂ ಅದು ‘ವ-ಸ-ಲ’ ಎಂಬ ಬೇರೆಯ ಹಂದರದ್ದು.

ಆ ಹುಡುಗಿ ಇದನ್ನು ಓದುತ್ತಿದ್ದರೆ ಅವಳಿಗೆ ಒಂದು ಮಾತು. ಮುಂದಿನ ಮದುವೆಯಲ್ಲಿ ಯಾರಾದರೂ ‘ಎವರಿ ತಾಲೂಕು’ ಎಂದು ಕೇಳಿದರೆ, ಮೊದಲು ಹೆಣ್ಣಿನ ಕಡೆಯೋ ಗಂಡಿನ ಕಡೆಯೋ ಅದನ್ನು ಹೇಳಮ್ಮ. ಅವರಿಗೆ ಪುರುಸೊತ್ತಿದ್ದರೆ ಆಮೇಲೆ ಜಿಗಣೆಯ ಕತೆಯಿಂದ ಆರಂಭಿಸಿ ಜಹೀರಾಬಾದ್ ತಾಲೂಕಿನವರೆಗೆ ಹೇಳು.